ಗ್ರಾಸ್ ಮೇಲೋ, ಕೈಗೆ ಬಂದದ್ದರ ಮೇಲೋ? ದಶಮಾಂಶದ ಲೆಕ್ಕ

ಪ್ರಶ್ನೆ: ನಾನು ಹುಬ್ಬಳ್ಳಿಯಲ್ಲಿ ನರ್ಸ್ ಆಗಿದ್ದೇನೆ. ಸಂಬಳ 38,000, ಎಲ್ಲ ಹಿಡಿದುಕೊಂಡು ಕೈಗೆ ಬರುವುದು 33,400. ಯಜಮಾನರ ಕೆಲಸ ಹೋಗಿ ಎಂಟು ತಿಂಗಳಾಯಿತು, ಸಿಕ್ಕ ಕೆಲಸ ಮಾಡುತ್ತಾರೆ. ಮನೆ ಸಾಲದ ಕಂತು 11,500. ಅತ್ತೆಯ ಔಷಧಿಗೇ 2,800 ಹೋಗುತ್ತದೆ. ಹೋದ ತಿಂಗಳು ನಮ್ಮ ಸಭೆಗೆ (ಚರ್ಚಿಗೆ) ಹೊರಗಿನಿಂದ ಒಬ್ಬ ಪ್ರಸಂಗಿ ಬಂದಿದ್ದರು. ಬೈಬಲಿನ ಮಲಾಕಿಯ 3ನೇ ಅಧ್ಯಾಯ ಓದಿ, ದಶಮಾಂಶ, ಅಂದರೆ ಆದಾಯದ ಹತ್ತರಲ್ಲೊಂದು ಪಾಲು, ಕೊಡದವರು ದೇವರಿಂದ ಕದ್ದವರು, ಲೆಕ್ಕ ಗ್ರಾಸ್ ಸಂಬಳದ ಮೇಲೇ ಹಾಕಬೇಕು ಎಂದರು. ಪಕ್ಕದ ಮನೆಯಾಕೆ ಸಂಘದಲ್ಲಿ ಸಾಲ ತೆಗೆದು ಕೊಟ್ಟಳು. ನನಗೆ ನಿದ್ದೆ ಬರುತ್ತಿಲ್ಲ. ಇನ್ನೊಂದು ವಿಷಯ. ಮಳೆಗಾಲದಲ್ಲಿ ಮಗನಿಗೆ ಡೆಂಗಿ ಬಂದು ಪ್ಲೇಟ್‌ಲೆಟ್ ಬಹಳ ಇಳಿದಿತ್ತು, ಉಳಿದು ಬಂದ. ಅದಕ್ಕೆ ಕೃತಜ್ಞತಾ ಕಾಣಿಕೆ ಕೊಡುವ ಮನಸ್ಸಿದೆ. ಎಷ್ಟು ಕೊಡಬೇಕು? ನಮ್ಮ ಸಭೆಯಲ್ಲಿ ಎರಡು ವರ್ಷದಿಂದ ಲೆಕ್ಕ ಓದಿಲ್ಲ. ಅಲ್ಲಿಗೇ ಕೊಡಲೋ, ಅನಾಥಾಶ್ರಮಕ್ಕೆ ಕೊಡಲೋ? ಕುವೈತಿನಲ್ಲಿರುವ ನನ್ನ ತಮ್ಮನೂ ಕಳಿಸುತ್ತೇನೆ ಎನ್ನುತ್ತಿದ್ದಾನೆ.

ಉತ್ತರ: ಮೊದಲು ನಿದ್ದೆ ಮಾಡಿ ತಂಗಿ. ನೀವು ಯಾರಿಂದಲೂ ಏನೂ ಕದ್ದಿಲ್ಲ.

ನಾನು ಅಯ್ಯನವರಲ್ಲ (ಪಾಸ್ಟರ್ ಅಲ್ಲ). ಬ್ಯಾಂಕಿನಲ್ಲಿ ದುಡಿದು ನಿವೃತ್ತನಾದವನು, ಜೊತೆಗೆ 17 ವರ್ಷ ಸಭೆಯ ಖಜಾಂಚಿಯಾಗಿ ಕಾಣಿಕೆ ಚೀಲ ಎಣಿಸಿದವನು. ಹಾಗಾಗಿ ನನ್ನ ಉತ್ತರದಲ್ಲಿ ದೇವರ ವಾಕ್ಯದ ಜೊತೆ ಲೆಕ್ಕದ ಪುಸ್ತಕವೂ ಬರುತ್ತದೆ, ಸಹಿಸಿಕೊಳ್ಳಿ.

ಮಲಾಕಿಯನಿಂದಲೇ ಶುರು ಮಾಡೋಣ, ನಿಮ್ಮ ನಿದ್ದೆ ಕೆಡಿಸಿದ್ದು ಆತನೇ ಅಲ್ವಾ. ಆ 3ನೇ ಅಧ್ಯಾಯದ 8ರಿಂದ 10ನೇ ವಚನ ಎಲ್ಲರಿಗೂ ಬಾಯಿಪಾಠ. ಸ್ವಲ್ಪ ಮೇಲಕ್ಕೆ, 5ನೇ ವಚನಕ್ಕೆ ಹೋಗಿ. ಕೂಲಿಯವನ ಕೂಲಿ ಹಿಡಿದಿಟ್ಟುಕೊಂಡವರು, ವಿಧವೆ ಮತ್ತು ಅನಾಥರನ್ನು ತುಳಿದವರು, ಪರದೇಶಿಗೆ ಅನ್ಯಾಯ ಮಾಡಿದವರು, ಇವರ ಮೇಲೆ ದೇವರು ಸಾಕ್ಷಿಯಾಗಿ ಬರುತ್ತಾನೆ ಅಂತಿದೆ. ಅದೇ ಅಧ್ಯಾಯ, ಅದೇ ಉಸಿರು. ಆ ವಚನವನ್ನು ಯಾರೂ ಮೈಕಿನಲ್ಲಿ ಓದಿದ್ದು ನಾನು ಜಾಸ್ತಿ ಕೇಳಿಲ್ಲ. ಆಮೇಲೆ ನೆಹೆಮೀಯನ 13ನೇ ಅಧ್ಯಾಯ ತೆಗೆಯಿರಿ, ಹೆಚ್ಚುಕಡಿಮೆ ಅದೇ ಕಾಲದ್ದು. ಜನ ದಶಮಾಂಶ ತರುವುದನ್ನು ನಿಲ್ಲಿಸಿದ್ದರಿಂದ ದೇವಾಲಯದಲ್ಲಿ ಸೇವೆ ಮಾಡುತ್ತಿದ್ದ ಲೇವಿಯರು, ಹಾಡುಗಾರರು ಹೊಟ್ಟೆಪಾಡಿಗೆ ತಮ್ಮ ತಮ್ಮ ಹೊಲಕ್ಕೆ ವಾಪಸ್ ಹೋಗಿಬಿಟ್ಟಿದ್ದರು. ಲೇವಿಯರಿಗೆ ಉಳಿದ ಕುಲಗಳ ಹಾಗೆ ಭೂಮಿಯ ಪಾಲು ಇರಲಿಲ್ಲ, ದಶಮಾಂಶವೇ ಅವರ ಅನ್ನ. ಕದಿಯುವುದು ಅಂದದ್ದು ಇದಕ್ಕೆ. ಲೇವಿಯರ ಅನ್ನ ತಪ್ಪಿಸಿದವರಿಗೆ ಹೇಳಿದ ಮಾತನ್ನು, ಗಂಡನ ಕೆಲಸ ಹೋಗಿ ಒಬ್ಬಳೇ ಮನೆ ಎಳೆಯುತ್ತಿರುವ ನಿಮ್ಮ ತಲೆಗೆ ಕಟ್ಟುವುದು ಸರಿಯಲ್ಲ.

ಇನ್ನು ಗ್ರಾಸೋ ನೆಟ್ಟೋ. ಬೈಬಲಿನಲ್ಲಿ ತಿಂಗಳ ಸಂಬಳದ ದಶಮಾಂಶದ ಲೆಕ್ಕ ಎಲ್ಲೂ ಇಲ್ಲ. ಧರ್ಮಶಾಸ್ತ್ರದ ಪಟ್ಟಿಯಲ್ಲಿರುವುದು ಧಾನ್ಯ, ದ್ರಾಕ್ಷಾರಸ, ಎಣ್ಣೆ, ಹಣ್ಣು, ದನ, ಕುರಿ. ಯಾಜಕಕಾಂಡದ 27ನೇ ಅಧ್ಯಾಯದಲ್ಲಿ ಕುರಿಗಳು ಕುರುಬನ ಕೋಲಿನ ಕೆಳಗೆ ಒಂದೊಂದಾಗಿ ಹಾದುಹೋಗುವಾಗ ಹತ್ತನೆಯದು ದೇವರದು ಅಂತಿದೆ. ಒಂಬತ್ತೇ ಕುರಿ ಇದ್ದವನ ಗತಿ ಏನು ಅಂತ ಒಮ್ಮೆ ಯೋಚಿಸಿ ನೋಡಿ, ಮನಸ್ಸು ಹಗುರಾಗುತ್ತದೆ. ಹತ್ತರಲ್ಲೊಂದು ಅನ್ನುವುದು ಒಳ್ಳೆಯ ಅಳತೆ, ನಾನೂ ಮಕ್ಕಳೆಲ್ಲ ಕೆಲಸಕ್ಕೆ ಸೇರಿದ ಮೇಲೆ ಅದನ್ನೇ ಇಟ್ಟುಕೊಂಡಿದ್ದೇನೆ, ಅದಕ್ಕೂ ಮೊದಲು ಆಗುತ್ತಿರಲಿಲ್ಲ. ಆದರೆ ಅದು ಅಳತೆಗೋಲು, ನಿಮ್ಮನ್ನು ಹೊಡೆಯುವ ಕೋಲಲ್ಲ. ಮೊದಲ ಕಾಲದ ಸಭೆಗಳನ್ನು ಕಟ್ಟಿದ ಪೌಲನು ಕೊರಿಂಥದ ಸಭೆಯವರಿಗೆ ಯೆರೂಸಲೇಮಿನ ಬಡವರಿಗಾಗಿ ಹಣ ಕೂಡಿಸಲು ಬರೆಯುತ್ತಾನಲ್ಲ, 2 ಕೊರಿಂಥ 8 ಮತ್ತು 9, ಆ ಎರಡು ಅಧ್ಯಾಯದಲ್ಲಿ ಒಂದೇ ಒಂದು ಕಡೆಯೂ ಹತ್ತು ಪರ್ಸೆಂಟ್ ಎತ್ತಿಲ್ಲ. ಇರುವುದಕ್ಕೆ ತಕ್ಕಂತೆ ಕೊಡಿ, ಇಲ್ಲದ್ದನ್ನು ಕೊಡಬೇಕಾಗಿಲ್ಲ, ಬೇರೆಯವರಿಗೆ ಸುಖವಾಗಿ ನಿಮಗೆ ಕಷ್ಟವಾಗಲಿ ಅಂತ ನಾನು ಹೇಳುತ್ತಿಲ್ಲ ಎನ್ನುತ್ತಾನೆ. ಕ್ಯಾಥೋಲಿಕರ ನಿಯಮವೂ ಅವರವರ ಶಕ್ತಿಗೆ ತಕ್ಕಂತೆ ಸಭೆಯ ಅಗತ್ಯ ನೋಡಿಕೊಳ್ಳಬೇಕು ಎನ್ನುತ್ತದೆಯೇ ಹೊರತು ಇಷ್ಟೇ ಪರ್ಸೆಂಟ್ ಎನ್ನುವುದಿಲ್ಲ. ನಿಮ್ಮ ಪಿಎಫ್ ಹಣ ಇನ್ನೂ ನಿಮ್ಮ ಕೈಗೇ ಬಂದಿಲ್ಲ. ಬಂದ ದಿನ ಅದರ ಲೆಕ್ಕ ನೋಡಿದರಾಯಿತು. ಈಗ 33,400 ಮಾತ್ರ ಇಟ್ಟುಕೊಂಡು ಮಾತಾಡೋಣ.

ಸಾಲ ತೆಗೆದು ಕೊಟ್ಟ ಪಕ್ಕದ ಮನೆಯವರಿಗೆ ನೀವೇ ಮೆಲ್ಲಗೆ ಹೇಳಿ, ಮುಂದೆ ಹಾಗೆ ಮಾಡಬೇಡಿ ಅಂತ. ಸಂಘದ ಸಾಲಕ್ಕೆ ಬಡ್ಡಿ ಕಟ್ಟಿ ದೇವರಿಗೆ ಕೊಡುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಕೊಟ್ಟರೆ ದುಪ್ಪಟ್ಟು ಬರುತ್ತದೆ ಅಂತ ಯಾರಾದರೂ ಹೇಳಿದರೆ, ಅದು ಚೀಟಿ ವ್ಯವಹಾರದವರ ಭಾಷೆ. ಬ್ಯಾಂಕಿನಲ್ಲಿ ಕೂತು ಅಂಥವರನ್ನು ನಾನು ಬೇಕಾದಷ್ಟು ನೋಡಿದ್ದೇನೆ.

ಈಗ ನಾನು ನಿಮಗೆ ಹೇಳಬೇಕಾದ ಮುಖ್ಯ ಮಾತು. ನಮ್ಮ ಹಳೇ ಕನ್ನಡ ಬೈಬಲಿನಲ್ಲಿ ಪಾರುಪತ್ಯಗಾರ, ಮನೆವಾರ್ತೆಯವನು ಅಂತ ಎರಡು ಚೆಂದದ ಪದಗಳಿವೆ. ಪಾರುಪತ್ಯ ಅಂದರೆ ನಮ್ಮ ಕಡೆಯ ಹಿರಿಯರಿಗೆ ಗೊತ್ತು. ದೊಡ್ಡವರ ಜಮೀನನ್ನೋ ಛತ್ರವನ್ನೋ ನೋಡಿಕೊಳ್ಳುವವನ ಕೆಲಸ ಅದು. ಕೀಲಿಕೈ ಅವನ ಸೊಂಟದಲ್ಲಿರುತ್ತದೆ, ಆಸ್ತಿ ಅವನದಲ್ಲ. ಯಜಮಾನ ಬಂದಾಗ ಅವನು ಲೆಕ್ಕ ಒಪ್ಪಿಸಬೇಕಾದದ್ದು ಹತ್ತು ರೂಪಾಯಿಯದ್ದಲ್ಲ, ನೂರು ರೂಪಾಯಿಯದ್ದು. ಇದನ್ನು ಸರಿಯಾಗಿ ಹಿಡಿದರೆ ನಿಮ್ಮ ಅರ್ಧ ಪ್ರಶ್ನೆ ಅಲ್ಲೇ ಕರಗುತ್ತದೆ. ಹತ್ತು ದೇವರದು, ತೊಂಬತ್ತು ನನ್ನಿಷ್ಟ ಅಂದುಕೊಂಡವನು ದಶಮಾಂಶ ಕೊಟ್ಟೂ ಪಾರುಪತ್ಯ ತಪ್ಪಿದವನು. ನಿಮ್ಮ 33,400 ಪೂರ್ತಿ ಆ ಲೆಕ್ಕದೊಳಗಿದೆ. ಅತ್ತೆಯ ಔಷಧಿ ಅದರಲ್ಲಿದೆ. ಹೊತ್ತಿಗೆ ಸರಿಯಾಗಿ ಕಟ್ಟಿದ ಕಂತು ಅದರಲ್ಲಿದೆ. ಹಾಲಿನವನ ಬಾಕಿ ಉಳಿಸದಿರುವುದೂ ಅದರಲ್ಲೇ ಇದೆ. ಮಾರ್ಕನ 7ನೇ ಅಧ್ಯಾಯದಲ್ಲಿ ಯೇಸು ಕೊರ್ಬಾನ್ ಅನ್ನುವ ಒಂದು ರೂಢಿಗೆ ಸಿಟ್ಟಾಗುತ್ತಾರೆ. ವಯಸ್ಸಾದ ತಂದೆತಾಯಿಗೆ, ನಿಮಗೆ ಕೊಡಬೇಕಾದದ್ದನ್ನು ದೇವರಿಗೆ ಮುಡಿಪಿಟ್ಟಿದ್ದೇನೆ ಅಂತ ಹೇಳಿ ಕೈತೊಳೆದುಕೊಳ್ಳುವುದು. ಅತ್ತೆಯ ಮಾತ್ರೆ ನಿಲ್ಲಿಸಿ ಕಾಣಿಕೆ ಚೀಲಕ್ಕೆ ಹಾಕಿದರೆ ಅದು ಕೊರ್ಬಾನ್ ಅಲ್ಲದೆ ಇನ್ನೇನು?

ಹಾಗಾದರೆ ಏನೂ ಕೊಡಬೇಡಿ ಅಂತಲೇ? ಅಲ್ಲ. ಕೊಡಿ, ಆದರೆ ಹೇಗೆ ಅನ್ನುವುದನ್ನು ನನ್ನ ಅವ್ವನ ಡಾಲ್ಡಾ ಡಬ್ಬಿಯಿಂದ ಹೇಳುತ್ತೇನೆ. ಅಕ್ಕಿ ತೊಳೆಯುವ ಮುಂಚೆ ಅವ್ವ ಒಂದು ಹಿಡಿ ತೆಗೆದು ಒಲೆಯ ಪಕ್ಕದ ಆ ಡಬ್ಬಿಗೆ ಹಾಕುತ್ತಿದ್ದಳು. ಭಾನುವಾರ ಅದು ಸಭೆಗೆ. ಅನ್ನ ಮಿಕ್ಕಿದ ಮೇಲೆ ತೆಗೆದದ್ದಲ್ಲ, ಒಲೆಗೆ ಇಡುವ ಮುಂಚೆ ತೆಗೆದದ್ದು. ನೆಂಟರು ಬಂದು ಅಕ್ಕಿ ಸಾಲದ ದಿನ ಹಿಡಿ ಸಣ್ಣದಾಗುತ್ತಿತ್ತು, ತಪ್ಪುತ್ತಿರಲಿಲ್ಲ. ಇದು ನಮ್ಮ ಮನೆಯದೊಂದೇ ಅಲ್ಲ. ದಕ್ಷಿಣದ ಎಷ್ಟೋ ಸಭೆಗಳಲ್ಲಿ ಹಿಡಿ ಅಕ್ಕಿಯ ರೂಢಿ ಇತ್ತು. ಮಿಜೋರಾಮಿನ ಪ್ರೆಸ್ಬಿಟೇರಿಯನ್ ಸಭೆಯ ಹೆಂಗಸರು ಇದನ್ನು 1910ರಲ್ಲಿ ಶುರುಮಾಡಿ ಇವತ್ತಿಗೂ ಬಿಟ್ಟಿಲ್ಲ. ಅವರ ಭಾಷೆಯಲ್ಲಿ ಬುಹ್‌ಫೈ ಥಾಮ್ ಅನ್ನುತ್ತಾರೆ. ಸಂಗ್ರಹವಾದ ಅಕ್ಕಿಯನ್ನು ಮಾರುತ್ತಾರೆ, ಎಷ್ಟೋ ಸಲ ಮತ್ತೆ ಅದೇ ಊರಿನ ಮನೆಗಳೇ ಕೊಳ್ಳುತ್ತವೆ, ಹಣ ಮಿಶನ್ ಕೆಲಸಕ್ಕೆ ಹೋಗುತ್ತದೆ. ಈಗ ಆ ಹಿಡಿ ಅಕ್ಕಿಯ ಲೆಕ್ಕ ವರ್ಷಕ್ಕೆ ಕೋಟಿಗಳಲ್ಲಿದೆ. ಕಂಪನಿಗಳಿಲ್ಲದ, ದೊಡ್ಡ ಸಾಹುಕಾರರಿಲ್ಲದ ಗುಡ್ಡಗಾಡು ರಾಜ್ಯ ಅದು!

ನಮ್ಮ ಸಭೆಗಳೇ ಇಂಥ ಚಿಲ್ಲರೆ ಕಾಸಿನಿಂದ ಎದ್ದವು ಅನ್ನುವುದನ್ನು ನಾವು ಮರೆತಿದ್ದೇವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನ್ನಿನವರು 1834ರಲ್ಲಿ ಮಂಗಳೂರಿಗೆ ಬಂದರು, 1837ರಲ್ಲಿ ಧಾರವಾಡಕ್ಕೆ, 1839ರಲ್ಲಿ ನಿಮ್ಮ ಹುಬ್ಬಳ್ಳಿಗೆ. ಆ ಬಿಳಿಯರ ಹಿಂದೆ ದೊಡ್ಡ ಖಜಾನೆ ಇತ್ತು ಅಂತ ನಾನೂ ಚಿಕ್ಕಂದಿನಲ್ಲಿ ನಂಬಿದ್ದೆ. ಆಮೇಲೆ ಗೊತ್ತಾಯಿತು, 1850ರ ದಶಕದಿಂದ ಅಲ್ಲಿ ಅರ್ಧ ಬಾಟ್ಸನ್ ಸಂಗ್ರಹ ಅಂತ ಒಂದು ನಡೆಯುತ್ತಿತ್ತು. ಬಾಟ್ಸನ್ ಅಂದರೆ ಅಲ್ಲಿಯ ಸಣ್ಣ ನಾಣ್ಯ. ಅದರ ಅರ್ಧವನ್ನು ವಾರಕ್ಕೊಮ್ಮೆ ಸಾಮಾನ್ಯ ಮನೆಗಳವರು ಕೊಡುತ್ತಿದ್ದರು. ನಮ್ಮ ಊರನ್ನು ನಕಾಶೆಯಲ್ಲೂ ನೋಡದ ಯಾವುದೋ ಹೆಂಗಸು ವಾರವಾರ ತೆಗೆದಿಟ್ಟ ಅರ್ಧ ಕಾಸು ನಮ್ಮ ಸಭೆಯ ಗೋಡೆಯೊಳಗಿದೆ. 1914ರಲ್ಲಿ ಯುದ್ಧ ಶುರುವಾದ ಮೇಲೆ ಬ್ರಿಟಿಷ್ ಸರ್ಕಾರ ಜರ್ಮನ್ ಮಿಶನರಿಗಳನ್ನು ಹಿಡಿದಿಟ್ಟಿತು, ವಾಪಸ್ ಕಳಿಸಿತು. ಹಂಚಿನ ಕಾರ್ಖಾನೆ, ನೇಯ್ಗೆ ಕಾರ್ಖಾನೆ ಮಿಶನ್ನಿನ ಕೈತಪ್ಪಿದವು. ಅಷ್ಟು ದಿನ ಬೇರೆಯವರ ಹಣದಲ್ಲಿ ನಡೆದ ಸಭೆಗಳು ತಮ್ಮ ಕಾಲ ಮೇಲೆ ನಿಲ್ಲುವುದನ್ನು ಆಮೇಲೆ ಕಲಿಯಬೇಕಾಯಿತು. ಅದಕ್ಕೂ ಮೊದಲೇ, 1905ರಲ್ಲಿ, ಮುಂದೆ ಬಿಷಪ್ ಆದ ವಿ. ಎಸ್. ಅಜರಾಯ ಮತ್ತು ಗೆಳೆಯರು ಬಂಗಾಳದ ಸೆರಾಂಪುರದಲ್ಲಿ ನ್ಯಾಷನಲ್ ಮಿಶನರಿ ಸೊಸೈಟಿ ಕಟ್ಟಿದ್ದರು. ಜನ ನಮ್ಮವರು, ಹಣ ನಮ್ಮದು, ಆಡಳಿತ ನಮ್ಮದು ಅನ್ನುವುದು ಅವರ ಹಟ. ನಮ್ಮ ಸಭೆಗೆ ನಾವೇ ಕೊಡಬೇಕು ಅಂತ ನಾನು ಹೇಳುವುದು ಈ ಕಾರಣಕ್ಕೆ, ಕೊಡದಿದ್ದರೆ ಶಾಪ ತಗಲುತ್ತದೆ ಅಂತಲ್ಲ. ಕರೆಂಟ್ ಬಿಲ್, ಗುಡಿಸಿ ಒರೆಸುವವರ ಸಂಬಳ, ಗಂಟೆ ಬಾರಿಸುವವರ ಸಂಬಳ ಎಲ್ಲ ನಮ್ಮ ಚೀಲದಿಂದಲೇ ಹೋಗುತ್ತದೆ. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಆದರೆ ಒಂದು ಪಾಲು ಡಯಾಸಿಸ್‌ಗೂ, ಅಂದರೆ ಬಿಷಪ್ಪರ ಆಡಳಿತಕ್ಕೂ, ಹೋಗಬೇಕು.

ಈಗ ನಿಮ್ಮ ಲೆಕ್ಕ. ಸಂಬಳ ಬಂದ ದಿನವೇ, ಕಂತು ಕಟ್ಟುವ ಮುಂಚೆಯೇ, 1,000 ರೂಪಾಯಿ ಒಂದು ಕವರಿಗೆ ಹಾಕಿಡಿ. ಸುಮಾರು ಮೂರು ಪರ್ಸೆಂಟ್ ಆಯಿತು. ಇದು ನಿಮ್ಮ ಹಿಡಿ. ಯಜಮಾನರಿಗೆ ಖಾಯಂ ಕೆಲಸ ಸಿಕ್ಕಾಗ ಹಿಡಿ ದೊಡ್ಡದು ಮಾಡಿ, ಸಾಲ ತೀರಿದಾಗ ಇನ್ನೂ ದೊಡ್ಡದು. ಒಂದು ತಿಂಗಳು 1,000 ಆಗದಿದ್ದರೆ 300 ಹಾಕಿ, ಬಾಕಿ 700ನ್ನು ಮುಂದಿನ ತಿಂಗಳ ತಲೆಗೆ ಹೇರಬೇಡಿ. ಇದು ಇಎಂಐ ಅಲ್ಲ. ಯಜಮಾನರ ಜೊತೆ ಕೂತು ಇಬ್ಬರೂ ಒಪ್ಪಿಯೇ ಶುರುಮಾಡಿ. ಕದ್ದುಮುಚ್ಚಿ ಕೊಟ್ಟ ದಶಮಾಂಶದಿಂದ ಜಗಳವಾದ ಮನೆಗಳೂ ನನಗೆ ಗೊತ್ತು.

ಮಗನ ವಿಷಯ ಓದಿ ಸಂತೋಷವಾಯಿತು. ಪ್ಲೇಟ್‌ಲೆಟ್ ಇಳಿಯುತ್ತಿದ್ದ ರಾತ್ರಿ ಹೇಗಿರುತ್ತದೆ ಅಂತ ನರ್ಸ್ ಆದ ನಿಮಗೆ ಬೇರೆ ತಾಯಂದಿರಿಗಿಂತ ಚೆನ್ನಾಗಿ ಗೊತ್ತಿತ್ತು, ಹೆದರಿಕೆಯೂ ಜಾಸ್ತಿಯೇ ಇದ್ದಿರಬೇಕು. ಕೃತಜ್ಞತಾ ಕಾಣಿಕೆಗೆ ರೇಟ್ ಇಲ್ಲ ತಂಗಿ. ಲೂಕನ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ವಾಸಿಯಾದರು, ಒಬ್ಬ ಮಾತ್ರ ತಿರುಗಿ ಬಂದ. ಅವನು ಏನು ತಂದ? ಏನೂ ತರಲಿಲ್ಲ, ಬಂದ ಅಷ್ಟೇ. ಮಗ ಉಳಿದದ್ದಕ್ಕೆ ಇದು ಬಿಲ್ ಅಲ್ಲ, ಕಡಿಮೆ ಕೊಟ್ಟರೆ ಮತ್ತೆ ಜ್ವರ ಬರುತ್ತದೆ ಅನ್ನುವ ಯೋಚನೆ ಬಂದರೆ ಅದನ್ನು ಅಲ್ಲೇ ಹೊರಗೆ ಹಾಕಿ. ಎಷ್ಟೋ ಜನ ಹರಕೆ ಮತ್ತು ಕೃತಜ್ಞತೆ ಎರಡನ್ನೂ ಕಲಸಿಬಿಡುತ್ತಾರೆ. ನೀವು ಹರಕೆ ಹೊತ್ತಿಲ್ಲ ಅನ್ನಿಸುತ್ತದೆ, ಹೊತ್ತಿದ್ದರೆ ಆ ಮಾತು ತೀರಿಸಿ. ಇಲ್ಲವಾದರೆ ಮಗನನ್ನೇ ಕೇಳಿ, ಅವನ ಕೈಯಿಂದ ಏನು ಕೊಡಿಸೋಣ ಅಂತ. ನಮ್ಮ ಸಭೆಯಲ್ಲಿ ಒಬ್ಬ ಹುಡುಗ ಕಾಮಾಲೆಯಿಂದ ಎದ್ದ ಮೇಲೆ ಸುಗ್ಗಿ ಹಬ್ಬಕ್ಕೆ ತಾನು ಸಾಕಿದ ಕೋಳಿಯ ಒಂದು ಮೊಟ್ಟೆ ತಂದಿದ್ದ.

ಆ ಮೊಟ್ಟೆಯ ಕಥೆ ಹೇಳಲೇಬೇಕು. ಸುಗ್ಗಿ ಹಬ್ಬ ನಿಮಗೆ ಗೊತ್ತೇ ಇದೆ. ಆರಾಧನೆ ಮುಗಿದ ಮೇಲೆ ಕುಂಬಳಕಾಯಿ, ಬಾಳೆಗೊನೆ, ಜೋಳದ ತೆನೆ, ಮನೆಯಲ್ಲಿ ಮಾಡಿದ ಉಪ್ಪಿನಕಾಯಿ, ಶೇಂಗಾ ಹೋಳಿಗೆ ಎಲ್ಲ ಅಂಗಳಕ್ಕೆ ಬರುತ್ತದೆ, ಸವಾಲು (ಹರಾಜು) ಶುರುವಾಗುತ್ತದೆ. ಆ ಮೊಟ್ಟೆಯನ್ನು ಒಬ್ಬರು 50ಕ್ಕೆ ಹಿಡಿದರು, ಹಿಡಿದವರು ಮತ್ತೆ ಸವಾಲಿಗೇ ಕೊಟ್ಟರು. ಇನ್ನೊಬ್ಬರು 80ಕ್ಕೆ ಹಿಡಿದು ಮತ್ತೆ ಕೊಟ್ಟರು. ಹೀಗೆ ಹತ್ತು ಹನ್ನೆರಡು ಕೈ ಬದಲಾಗಿ ಆ ಒಂದು ಮೊಟ್ಟೆ ಸಭೆಗೆ ಸಾವಿರದ ಮೇಲೆ ತಂದಿತು. ಕೊನೆಗೆ ಹಿಡಿದವರು ಅದನ್ನು ಆ ಹುಡುಗನಿಗೇ ಕೊಟ್ಟು, ಮನೆಗೆ ಹೋಗಿ ಬೇಯಿಸಿ ತಿನ್ನು ಅಂದರು. ದಕ್ಷಿಣ ಕನ್ನಡದ ಕ್ಯಾಥೋಲಿಕರು ಸೆಪ್ಟೆಂಬರ್ 8ಕ್ಕೆ ಮೊಂತಿ ಹಬ್ಬದಲ್ಲಿ ಹೊಸ ತೆನೆ ಆಶೀರ್ವಾದ ಮಾಡಿಸಿ ಮನೆಗೆ ಒಯ್ದು ಊಟದಲ್ಲಿ ಬೆರೆಸಿ ತಿನ್ನುತ್ತಾರಲ್ಲ, ಅದೂ ಇದೇ ಜಾತಿಯದು. ಕೊಟ್ಟದ್ದು ತಿರುಗಿ ಎಲ್ಲರ ಊಟವಾಗುತ್ತದೆ. ಧರ್ಮೋಪದೇಶಕಾಂಡದ 14ನೇ ಅಧ್ಯಾಯ ಓದಿ. ದಶಮಾಂಶವನ್ನು ದೇವರ ಮುಂದೆ ಮನೆಮಂದಿಯೆಲ್ಲ ಕೂತು ತಿಂದು ಸಂತೋಷಪಡಿ ಅಂತಿದೆ. ದೂರದವರು ಬೆಳೆ ಮಾರಿ ಹಣ ತಂದು ಅಲ್ಲಿ ಬೇಕಾದದ್ದು ಕೊಂಡು ಉಣ್ಣಬಹುದು ಅಂತಲೂ ಇದೆ. ಪ್ರಸಂಗಿಗಳು ಈ ಅಧ್ಯಾಯವನ್ನು ಯಾಕೆ ಮುಟ್ಟುವುದಿಲ್ಲವೋ!

ಸವಾಲು ಕೆಡುವುದೂ ಉಂಟು. ಇಬ್ಬರು ಗುತ್ತಿಗೆದಾರರು ಒಂದು ಹಲಸಿನ ಹಣ್ಣಿಗೆ ಹಟ ಕಟ್ಟಿ, ಹಣ್ಣು ಒಂದು ಕಡೆ ಉಳಿದು ಮಾತು ಬಿಟ್ಟದ್ದು ನನ್ನ ಕಣ್ಣ ಮುಂದೆಯೇ. ಕೊಟ್ಟವರ ಹೆಸರು, ಮೊತ್ತ ಮೈಕಿನಲ್ಲಿ ಓದುವುದು ನನಗೆ ಮೊದಲಿನಿಂದಲೂ ಆಗದು. 100 ಕೊಟ್ಟವರು ತಲೆ ತಗ್ಗಿಸಿ ಕೂರುವ ಹಾಗೆ ಆಗಬಾರದು.

ಅನಾಥಾಶ್ರಮದ ಪ್ರಶ್ನೆಗೆ ಅದೇ 14ನೇ ಅಧ್ಯಾಯದ ಕೊನೆಯಲ್ಲಿ ಉತ್ತರವಿದೆ. ಮೂರನೇ ವರ್ಷದ ದಶಮಾಂಶ ಊರೊಳಗೇ ಉಳಿಯಬೇಕು, ಲೇವಿಯ, ಪರದೇಶಿ, ಅನಾಥ, ವಿಧವೆ ಬಂದು ತೃಪ್ತಿಯಾಗಿ ಉಣ್ಣಬೇಕು. ಹಾಗಾಗಿ ಕೊಡಬಹುದು. ನನ್ನ ಅಭಿಪ್ರಾಯ ಕೇಳಿದರೆ, ತಿಂಗಳ ಹಿಡಿ ಸಭೆಗೆ ಇರಲಿ, ಮಗನ ಕೃತಜ್ಞತೆಯದ್ದು ಹೊರಗೆ ಹೋಗಲಿ. ನಿಮ್ಮ ವಾರ್ಡಿನಲ್ಲೇ ಔಷಧಿಗೆ ಪರದಾಡುವ ಯಾರಾದರೂ ತಾಯಿ ಇರುತ್ತಾಳೆ, ಅವಳ ಒಂದು ದಿನದ ಔಷಧಿಯ ಚೀಟಿ ನೀವು ಕಟ್ಟಿದರೆ ಅದಕ್ಕಿಂತ ಹತ್ತಿರದ ಕಾಣಿಕೆ ಯಾವುದು?

ಇನ್ನು ಲೆಕ್ಕ ಓದದ ಸಭೆ. ಇದು ನನ್ನ ಹೊಲ, ಸ್ವಲ್ಪ ಜೋರಾಗಿಯೇ ಹೇಳುತ್ತೇನೆ. ಪಾರುಪತ್ಯಗಾರ ನೀವೊಬ್ಬರೇ ಅಲ್ಲ, ಕಮಿಟಿಯೂ ಪಾರುಪತ್ಯಗಾರನೇ. ಯೆರೂಸಲೇಮಿನ ಬಡವರಿಗೆ ಕೂಡಿಸಿದ ಆ ಹಣವನ್ನು ಪೌಲನು ಒಬ್ಬನೇ ಒಯ್ಯಲಿಲ್ಲ. ಸಭೆಗಳು ಆರಿಸಿದ ಮನುಷ್ಯನನ್ನು ಜೊತೆಗೆ ಕಳಿಸಿದ, ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ತಪ್ಪು ಹೊರಿಸಬಾರದು, ದೇವರ ಮುಂದೆ ಮಾತ್ರವಲ್ಲ, ಮನುಷ್ಯರ ಮುಂದೆಯೂ ಸರಿಯಾಗಿರಬೇಕು ಅಂತ ಬರೆದ. ನೆಹೆಮೀಯ ಕಣಜಕ್ಕೆ ನಾಲ್ಕು ಮಂದಿಯನ್ನು ಇಟ್ಟ, ನಂಬಿಗಸ್ತರು ಅಂತ ಹೆಸರಾದವರನ್ನೇ. ದೇವರಿಗೆ ಕೊಟ್ಟ ಮೇಲೆ ಲೆಕ್ಕ ಯಾಕೆ ಕೇಳ್ತೀರಿ ಅನ್ನುವ ಮಾತು ಬೈಬಲಿನದ್ದಲ್ಲ, ಲೆಕ್ಕ ಇಡದವರದ್ದು.

ನಾನೂ ಒಮ್ಮೆ ಸಿಕ್ಕಿಬಿದ್ದಿದ್ದೇನೆ. ಖಜಾಂಚಿಯಾದ ಎರಡನೇ ವರ್ಷ, ಶುಭ ಶುಕ್ರವಾರ. ಆ ದಿನ ಚೀಲ ತುಂಬಾ ಭಾರ, ಎಲ್ಲರಿಗೂ ಮನೆಗೆ ಹೋಗುವ ಅವಸರ, ನಾನೇ ಎಣಿಸ್ತೀನಿ ಬಿಡಿ ಅಂತ ಮನೆಗೆ ಒಯ್ದೆ. ಮರುದಿನ ನೋಡಿದರೆ ಕವರುಗಳ ಪಟ್ಟಿಗೂ ನಗದಿಗೂ 1,400 ವ್ಯತ್ಯಾಸ. ಎರಡು ದಿನ ಊಟ ಸೇರಲಿಲ್ಲ. ಈಸ್ಟರ್ ದಿನ ಒಬ್ಬರು ನಗುನಗುತ್ತಲೇ, ಬ್ಯಾಂಕಿನವರ ಲೆಕ್ಕವೂ ತಪ್ಪುತ್ತಾ ಅಂದರು, ಆ ನಗು ಇನ್ನೂ ನೆನಪಿದೆ. ಮೂರು ಕವರು ರಿಜಿಸ್ಟರಿನ ರಟ್ಟಿನ ಒಳಗೆ ಸೇರಿಕೊಂಡಿದ್ದವು, ಸೋಮವಾರ ಸಿಕ್ಕವು. ಅವತ್ತಿನಿಂದ ಮೂರು ಜನ, ಸಭೆಯ ಕೋಣೆಯಲ್ಲೇ, ಬಾಗಿಲು ತೆರೆದೇ ಎಣಿಸುವುದು, ಮೂವರೂ ಸಹಿ ಮಾಡುವುದು, ಮರುದಿನ ಬ್ಯಾಂಕಿಗೆ ಕಟ್ಟುವುದು. ತಿಂಗಳ ಜಮಾ ಖರ್ಚು ನೋಟಿಸ್ ಬೋರ್ಡಿಗೆ. ಬೋರ್ಡಿಗೆ ಹಾಕಲು ಶುರುಮಾಡಿದ ವರ್ಷ ಯಾರಿಗೂ ಹೆಚ್ಚು ಕೊಡಿ ಅಂತ ನಾವು ಹೇಳಲಿಲ್ಲ, ಕಾಣಿಕೆ ತಾನಾಗಿ ಏರಿತು.

ನಿಮ್ಮಲ್ಲಿ ಮೊದಲು ಖಜಾಂಚಿಯವರನ್ನು ಒಬ್ಬರೇ ಇದ್ದಾಗ ಕೇಳಿ. ಎಷ್ಟೋ ಸಲ ಕಳ್ಳತನ ಇರುವುದಿಲ್ಲ, ಸೋಮಾರಿತನ ಇರುತ್ತದೆ, ಆಡಿಟರ್ ಹತ್ತಿರ ಪುಸ್ತಕ ಕೊಟ್ಟು ಮರೆತಿರುತ್ತಾರೆ. ಸರಿಹೋಗದಿದ್ದರೆ ನಾಲ್ಕಾರು ಸದಸ್ಯರು ಸೇರಿ ಅಯ್ಯನವರಿಗೆ ಬರೆದು ಕೊಡಿ, ವಾರ್ಷಿಕ ಸಭೆಯಲ್ಲಿ ಆಡಿಟ್ ಆದ ಲೆಕ್ಕ ಇಡಬೇಕು ಅಂತ. ಆಗಲೂ ಆಗದಿದ್ದರೆ ಡಯಾಸಿಸ್‌ಗೆ. ಅಷ್ಟರವರೆಗೆ ಕೊಡುವುದನ್ನು ಪೂರ್ತಿ ನಿಲ್ಲಿಸಬೇಡಿ, ಗುಡಿಸುವವರ ಸಂಬಳ ನಿಂತುಹೋದರೆ ಅವರೇನು ತಪ್ಪು ಮಾಡಿದ್ದಾರೆ? ಕವರಿನ ಮೇಲೆ ಇದು ಸಂಬಳಕ್ಕೆ, ಇದು ಬಡವರ ನಿಧಿಗೆ ಅಂತ ಬರೆದು ರಸೀದಿ ಕೇಳಿ ಪಡೆಯಿರಿ. ತೆರಿಗೆ ರಿಯಾಯಿತಿಗೆ ಆ ರಸೀದಿ ಉಪಯೋಗವಾಗುವುದು ಕಷ್ಟ, ಒಂದೇ ಧರ್ಮದವರ ಆರಾಧನೆಗೆಂದು ಇರುವ ಸಂಸ್ಥೆಗೆ ಸಾಮಾನ್ಯವಾಗಿ 80ಜಿ ಎಂಬ ದೇಣಿಗೆ ರಿಯಾಯಿತಿಯ ಮಾನ್ಯತೆ ಸಿಗುವುದಿಲ್ಲ, ಹೊಸ ತೆರಿಗೆ ಪದ್ಧತಿ ಆರಿಸಿಕೊಂಡಿದ್ದರೆ ಆ ಮಾತೇ ಇಲ್ಲ.

ತಮ್ಮ ಕಳಿಸಬಹುದು. ಅವನು ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡವನಾಗಿದ್ದು, ತನ್ನ ದುಡಿಮೆಯ ಹಣವನ್ನು ಬ್ಯಾಂಕಿನ ಮೂಲಕವೇ ಕಳಿಸಿದರೆ ಅದು ವಿದೇಶಿ ದೇಣಿಗೆ ಅನ್ನಿಸಿಕೊಳ್ಳುವುದಿಲ್ಲ. ಬೇರೆ ದೇಶದ ಪೌರತ್ವ ತೆಗೆದುಕೊಂಡ ನೆಂಟರು ಕೊಟ್ಟರೆ ಮಾತ್ರ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ಕಾಯ್ದೆ) ಅನುಮತಿ ಇಲ್ಲದ ಸಭೆ ಅದನ್ನು ಮುಟ್ಟುವ ಹಾಗಿಲ್ಲ. ಕುವೈತಿನ ಗೆಳೆಯರ ಹಣವನ್ನೂ ಸೇರಿಸಿ ತನ್ನ ಹೆಸರಲ್ಲಿ ಕಳಿಸುವುದು ಬೇಡ ಅಂತ ಹೇಳಿ, ಆಮೇಲೆ ಯಾವುದು ಯಾರದ್ದು ಅಂತ ಬಿಡಿಸಲು ಆಗುವುದಿಲ್ಲ. ಮತ್ತೆ, ಫೋನ್‌ಪೇ ಮಾಡುವುದಾದರೆ ಸಭೆಯ ಹೆಸರಿನ ಖಾತೆಗೇ ಮಾಡಿ. ಖಜಾಂಚಿಯವರ ಸ್ವಂತ ನಂಬರಿಗೆ ಬೇಡ, ಅವರು ಎಷ್ಟೇ ಒಳ್ಳೆಯವರಾಗಿರಲಿ. ನಾನಿದ್ದಾಗಲೂ ನನ್ನ ನಂಬರಿಗೆ ಹಾಕಿಸಿಕೊಳ್ಳುತ್ತಿರಲಿಲ್ಲ.